ಹಿಂದಿನ ಡೋರಿನ ಅಕ್ಷರ

ನಮ್ಮ ಮನೆ ಪಕ್ಕದ ಹುಣಸೆಮರದ ಕೆಳಗೆ ಟಾಟಾ ಮೊಬೈಲ್ ನಿಂತು ಆರು ವರ್ಷ ಆಯ್ತು ಅಂದರೆ ಊರಿನ ಹುಡುಗರು ‘ಯಾಕಣ್ಣ, ಚಾರ್ಜರ್ ಕಳೆದುಹೋಯ್ತಾ?’ ಅಂತ ನಗುತ್ತಾರೆ. ಫೋನಲ್ಲ, ಪಿಕಪ್ ಗಾಡಿ. 1988ರಲ್ಲಿ ಟಾಟಾ ಕಂಪನಿ ಇದನ್ನು ಮಾರುಕಟ್ಟೆಗೆ ಬಿಟ್ಟಾಗ ನಮ್ಮ ಕಡೆ ಯಾರ ಕೈಯಲ್ಲೂ ಮೊಬೈಲ್ ಫೋನ್ ಇರಲಿಲ್ಲ. ಹಾಗಾಗಿ ಹೆಸರು ಕೇಳಿ ಯಾರೂ ನಗಲಿಲ್ಲ. ಆಮೇಲೆ ಬಂದ ಸಿಯೆರಾ, ಎಸ್ಟೇಟ್ ಕಾರುಗಳನ್ನು ಕಟ್ಟಿದ್ದು ಇದೇ ಗಾಡಿಯ ಬುನಾದಿ ಮೇಲೆ.

ನಮ್ಮದು 1991ರ ಗಾಡಿ. ಅಪ್ಪ, ಚಿಕ್ಕಪ್ಪ ಸೇರಿ 1996ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡರು. ಮುಳಬಾಗಿಲು ತಾಲ್ಲೂಕಿನ ನಮ್ಮೂರಿಂದ ಕೋಲಾರ ಎಪಿಎಂಸಿಗೆ ಟೊಮೆಟೊ, ಅಲ್ಲಿ ರೇಟು ಇಲ್ಲ ಅಂದರೆ ಆಂಧ್ರದ ಮದನಪಲ್ಲಿಗೆ, ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಂಡಿಗೆ ಮಾವು. ವಾಪಸ್ ಬರುವಾಗ ಗೊಬ್ಬರದ ಮೂಟೆ. ಹಿಂದಿನ ಡೋರಿನ ಮೇಲೆ ಹಳದಿ ಬಣ್ಣದಲ್ಲಿ, ಕೆಂಪು ನೆರಳು ಕೊಟ್ಟು, ‘ಅಣ್ಣ ತಮ್ಮ’ ಎಂದು ಬರೆಸಿದ್ದರು. ನಾನಾಗ ಒಂದನೇ ಕ್ಲಾಸೋ ಎರಡನೆಯದೋ. ಸ್ಕೂಲಲ್ಲಿ ಒತ್ತಕ್ಷರ ಕಲಿಸುವ ಮುಂಚೆಯೇ ನನಗೆ ಣ್ಣ, ಮ್ಮ ಎರಡೂ ಬರುತ್ತಿದ್ದವು.

2001ರಲ್ಲಿ ಮನೆ ಭಾಗ ಆಯಿತು. ಗಾಡಿ ಅಪ್ಪನಿಗೆ, ಬೋರ್‌ವೆಲ್ ಇರುವ ಕಡೆಯ ಜಮೀನು ಚಿಕ್ಕಪ್ಪನಿಗೆ. ಅಷ್ಟರಲ್ಲಿ ಬಿಳಿ ಗಾಡಿ ನೀಲಿಯಾಗಿತ್ತು, ಹಿಂದಿನ ಅಕ್ಷರ ಇರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ‘ಅವ್ನೇ ಅಳಿಸ್ದ’. ನಾಲ್ಕು ಮನೆ ಆಚೆ ಚಿಕ್ಕಪ್ಪನ ಮನೆಯಲ್ಲಿ ‘ಅಣ್ಣನೇ ಅಳಿಸಿದ್ದು’. ಜಮೀನಿನ ಜಗಳ ಸರ್ವೆಯವರು ಬಂದು ಕಲ್ಲು ನೆಟ್ಟ ಮೇಲೆ ಮುಗಿಯಿತು. ಅಕ್ಷರದ ಜಗಳ ಮುಗಿಯಲಿಲ್ಲ. ಮದುವೆ, ತಿಥಿ ಅಂತ ಸೇರಿದಾಗ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

2019ರಲ್ಲಿ ಗಾಡಿಗೆ ಎಫ್‌ಸಿ ಸಿಗಲಿಲ್ಲ. ಡ್ರೈವರ್ ಕಾಲಿಡುವ ಜಾಗದಲ್ಲಿ ರಸ್ತೆ ಕಾಣುತ್ತೆ ಅಂದರು. ತಪ್ಪೇನಲ್ಲ, ಕಾಣುತ್ತಿತ್ತು. ಅಪ್ಪ ತಂದು ಮರದ ಕೆಳಗೆ ನಿಲ್ಲಿಸಿದವರು ಮತ್ತೆ ಮುಟ್ಟಲಿಲ್ಲ. ಕಳೆದ ವರ್ಷ ಗುಜರಿಯವನು ಬಂದು ಸುತ್ತ ಒಂದು ರೌಂಡ್ ಹಾಕಿ ಮೂವತ್ತೆರಡು ಸಾವಿರ ಅಂದ. ಅಪ್ಪ ಹೂಂ ಅಂದುಬಿಟ್ಟರು. ನಾನು ಎರಡು ತಿಂಗಳು ಟೈಮ್ ಕೇಳಿದೆ. ಯಾಕೆ ಕೇಳಿದೆ ಅಂತ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಲೆಕ್ಕ ಹಾಕಿದರೆ ಇದು ಶುದ್ಧ ನಷ್ಟದ ಬಾಬ್ತು. ನಾನು ಜಿಲ್ಲಾ ಸ್ಟ್ರಿಂಗರ್. ಕಳಿಸಿದ ಸುದ್ದಿ ಅಚ್ಚಾದರೆ ಕಾಸು, ಆಗದಿದ್ದರೆ ಪೆಟ್ರೋಲು ನಮ್ಮದೇ. ಟೌನಿನ ಒಂದು ಶೆಡ್ಡಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಸೇರಿ ಎಂಬತ್ತೈದು ಸಾವಿರ ಹೇಳಿದರು. ‘ವಿಂಟೇಜ್ ಅಂತ ಮಾಡಿಸಿಬಿಡು, ಬೆಲೆ ಬರುತ್ತೆ’ ಅಂತ ಬೆಂಗಳೂರಿನ ಗೆಳೆಯ ಹೇಳಿದ. ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಮಾಡಿದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು. ನಮ್ಮದಕ್ಕೆ 2041. ಅಷ್ಟು ಕಾದರೂ ಅಂಥ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ಟೊಮೆಟೊ ಹೊರುವಂತಿಲ್ಲ. ಬೇಡ ಅಂದೆ. ಮನೆಯಲ್ಲೇ ಮಾಡೋಣ ಅಂತ ಶುರು ಮಾಡಿದೆ. ಭಾನುವಾರ, ಮತ್ತೆ ಸುದ್ದಿ ಇಲ್ಲದ ದಿನ. ಜಿಲ್ಲೆಯಲ್ಲಿ ಸುದ್ದಿ ಇಲ್ಲದ ದಿನ ಬಹಳ ಇರುತ್ತವೆ, ಡೆಸ್ಕಿನವರಿಗೆ ಬೇಕಾದ ಸುದ್ದಿ ಇಲ್ಲದ ದಿನ ಇನ್ನೂ ಜಾಸ್ತಿ.

ಮೊದಲ ಕೆಲಸ ತುಕ್ಕು ಎಲ್ಲೆಲ್ಲಿದೆ ಅಂತ ಹುಡುಕುವುದು. ಕಣ್ಣಿಗೆ ಕಾಣುವ ತುಕ್ಕು ಪರವಾಗಿಲ್ಲ, ಬಣ್ಣದ ಕೆಳಗೆ ಗುಳ್ಳೆ ಎದ್ದಿರುತ್ತಲ್ಲ, ಅದು ಮೋಸ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದರೆ ಒಳ್ಳೆ ತಗಡು ಟಣ್ ಅನ್ನುತ್ತೆ, ಕೊಳೆತದ್ದು ಬಡಬಡ ಅನ್ನುತ್ತೆ. ಇನ್ನೊಂದು ಉಪಾಯ ಅಯಸ್ಕಾಂತ. ಹಳೇ ಸ್ಪೀಕರಿನದೊಂದು ಇತ್ತು, ತೆಳ್ಳನೆ ಬಟ್ಟೆ ಸುತ್ತಿ ಬಾಡಿ ಮೇಲೆ ಓಡಿಸಿದೆ. ತಗಡು ಇದ್ದ ಕಡೆ ಕಚ್ಚಿಕೊಳ್ಳುತ್ತೆ, ಒಳಗೆ ದಪ್ಪಗೆ ಪುಟ್ಟಿ ಮೆತ್ತಿದ್ದ ಕಡೆ ಜಾರಿಬಿಡುತ್ತೆ. ಸೆಕೆಂಡ್ ಹ್ಯಾಂಡ್ ಓಮ್ನಿಯೋ ಬೊಲೆರೊ ಪಿಕಪ್ಪೋ ತಗೊಳ್ಳುವವರು ಜೇಬಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಮಾರುವವನ ಮುಖ ನೋಡಬೇಕು ಆಗ.

ನಮ್ಮ ಗಾಡಿಯಲ್ಲಿ ಸಾಮಾನು ತುಂಬುವ ಹಿಂದಿನ ತೊಟ್ಟಿಯೇ ಅತಿ ಹೆಚ್ಚು ಹೋಗಿತ್ತು. ಕಾರಣ ಟೊಮೆಟೊ. ಕೆಳಗಿನ ಬಾಕ್ಸಿನ ಹಣ್ಣು ಒಡೆದು ರಸ ಇಳಿದು ತಗಡಿನ ಜೋಡಣೆಗೆ ಸೇರುತ್ತೆ. ಟೊಮೆಟೊ ರಸ ಹುಳಿ, ಅಂದರೆ ಆಮ್ಲ. ಅದರ ಮೇಲೆ ವಾಪಸ್ ಬರುವಾಗ ಚೆಲ್ಲಿದ ಗೊಬ್ಬರ. ರಾಸಾಯನಿಕ ಗೊಬ್ಬರ ಅಂದರೆ ಉಪ್ಪಿನ ಜಾತಿ, ಗಾಳಿಯ ತೇವ ಎಳೆದುಕೊಂಡು ಕೂರುತ್ತೆ. ಹುಳಿ, ಉಪ್ಪು, ನೀರು. ಉಪ್ಪಿನಕಾಯಿ ಜಾಡಿಗೆ ಕಬ್ಬಿಣದ ಮುಚ್ಚಳ ಹಾಕಿದರೆ ಏನಾಗುತ್ತೋ ಅದೇ. ಅಪ್ಪ ಪ್ರತಿ ಟ್ರಿಪ್ಪಿನ ಮೇಲೆ ಮೇಲ್ಗಡೆ ನೀರು ಹೊಡೆದು ತೊಳೆಯುತ್ತಿದ್ದರು. ಮಡಿಕೆಯೊಳಗೆ ಸೇರಿದ್ದು ಹಾಗೇ ಉಳಿಯುತ್ತಿತ್ತು. ಬೆಲೆ ಬಿದ್ದಾಗ ರೈತರು ಟೊಮೆಟೊ ರಸ್ತೆಗೆ ಸುರಿದದ್ದನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದನ್ನೂ ಬರೆದಿದ್ದೇನೆ. ಬೆಲೆ ಏರಲಿ ಇಳಿಯಲಿ ಅದನ್ನು ಹೊರುವ ತಗಡು ತೂತಾಗುತ್ತಲೇ ಇರುತ್ತೆ ಅನ್ನುವುದನ್ನು ಒಮ್ಮೆಯೂ ಬರೆದಿರಲಿಲ್ಲ.

ಬಾಗಿಲುಗಳದ್ದು ಬೇರೆ ಕಥೆ. ಮಳೆ ನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವುದು ಸಹಜ, ಅದಕ್ಕೇ ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮದರಲ್ಲಿ ಆ ತೂತುಗಳು ಮಣ್ಣು ಕಟ್ಟಿ ಮುಚ್ಚಿಹೋಗಿದ್ದವು. ಒಳಗೆ ನೀರು ನಿಂತು ಬಾಗಿಲು ಒಳಗಿನಿಂದಲೇ ಕೊಳೆತಿತ್ತು. ಕಬ್ಬಿಣದ ತಂತಿ ಹಾಕಿ ಚುಚ್ಚಿದಾಗ ಒಂದು ಚೊಂಬಿನಷ್ಟು ಕೆಂಪು ಕೆಸರು ಸುರಿಯಿತು. ನಿಮ್ಮ ಮನೆ ಮುಂದೆ ಯಾವ ಗಾಡಿ ನಿಂತಿದ್ದರೂ ಮಳೆಗಾಲಕ್ಕೆ ಮುಂಚೆ ಬಾಗಿಲಿನ ತಳ ತಡವಿ ನೋಡಿ, ತೂತು ಮುಚ್ಚಿದ್ದರೆ ಒಂದು ಕಡ್ಡಿ ಹಾಕಿ. ಐದು ನಿಮಿಷದ ಕೆಲಸ.

ತುಕ್ಕು ಕೆರೆಯಲು ಗ್ರೈಂಡರಿಗೆ ತಂತಿ ಬ್ರಷ್ ಹಾಕಿದೆ. ಮೊದಲ ದಿನ ಕನ್ನಡಕ ಹಾಕಿರಲಿಲ್ಲ. ಬ್ರಷ್ಷಿನ ಒಂದು ತಂತಿ ಕಿತ್ತುಬಂದು ಅಂಗಿಯೊಳಗೆ ಹೋಗಿ ಎದೆಗೆ ಚುಚ್ಚಿಕೊಂಡಿತು. ಒಂದು ಗೇಣು ಮೇಲೆ ಬಂದಿದ್ದರೆ ಕಣ್ಣು. ಮಾರನೇ ದಿನವೇ ಕೋಲಾರಕ್ಕೆ ಹೋಗಿ ಗಾಗಲ್ ತಂದೆ. ಚಿಲಕ, ಕೀಲು, ಬಾಗಿಲ ಹಿಡಿ ಇಂಥ ಸಣ್ಣ ಸಾಮಾನಿಗೆ ಅಮ್ಮ ಹುಣಸೆ ನೀರಿನ ಉಪಾಯ ಹೇಳಿದರು. ಹಿತ್ತಾಳೆ ಬಿಂದಿಗೆ ಹೊಳೆಯುತ್ತೆ, ಕಬ್ಬಿಣಕ್ಕೆ ಯಾಕಾಗಲ್ಲ ಅಂತ ಅವರ ವಾದ. ಹಳೇ ಬಕೆಟ್ಟಿನಲ್ಲಿ ಎರಡು ದಿನ ನೆನೆಹಾಕಿದೆ. ತುಕ್ಕು ನಿಜವಾಗಿಯೂ ಸಡಿಲವಾಗಿ ಉಜ್ಜಿದರೆ ಬಂತು. ಆದರೆ ತೊಳೆದು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಗೆ ಹೊಸ ತುಕ್ಕು. ತೊಳೆದ ತಕ್ಷಣ ಒರೆಸಿ, ಬಿಸಿಲಲ್ಲಿ ಒಣಗಿಸಿ, ಕೂಡಲೇ ಪ್ರೈಮರ್ ಹೊಡೆಯಬೇಕು ಅಂತ ಎರಡು ಬಾರಿ ಹುಣಸೆಹಣ್ಣು ದಂಡ ಮಾಡಿದ ಮೇಲೆ ಗೊತ್ತಾಯಿತು.

ಆಮೇಲೆ ನಾನು ಮಾಡಿದ ದೊಡ್ಡ ತಪ್ಪು. ಕಾಲಿಡುವ ಜಾಗದ ತೂತಿಗೆ ಹೊಸ ತಗಡು ಕೂರಿಸಲು ಊರಿನ ವೆಲ್ಡಿಂಗ್ ಅಂಗಡಿಯಿಂದ ಆರ್ಕ್ ಸೆಟ್ ಬಾಡಿಗೆಗೆ ತಂದೆ. ಗೇಟು, ಕಿಟಕಿಯ ಕಂಬಿಗೆ ಸರಿಹೋಗುವ ಮೆಷಿನ್ ಅದು. ಗಾಡಿಯ ತಗಡು ಒಂದು ಮಿಲಿಮೀಟರ್ ಆಸುಪಾಸು. ರಾಡು ಮುಟ್ಟಿಸಿದ ಕಡೆಯೆಲ್ಲ ತಗಡು ಕರಗಿ, ಅಂಗೈ ಅಗಲದ ತೂತು ಊಟದ ತಟ್ಟೆ ಅಗಲ ಆಯಿತು. ಅಪ್ಪ ಜಗಲಿ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಗುಜರಿಯವನ ನಂಬರ್ ನಿನ್ನತ್ರ ಐತಾ?’ ಅಂದರು.

ಮುಳಬಾಗಿಲಿನಲ್ಲಿ ಒಬ್ಬ ಹಳೇ ಟಿಂಕರ್ ಇದ್ದಾರೆ. ಕೈ ನಡುಗುತ್ತೆ ಅಂತ ಶೆಡ್ ಮಗನಿಗೆ ಬಿಟ್ಟಿದ್ದಾರೆ. ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ. ಅವರ ಬೀದಿಯ ಚರಂಡಿ ಬಗ್ಗೆ ಒಮ್ಮೆ ಬರೆದಿದ್ದೆ. ಚರಂಡಿ ರಿಪೇರಿ ಆಗಲಿಲ್ಲ, ಪರಿಚಯ ಉಳಿಯಿತು. ನಾನು ಮಾಡಿದ ಅನಾಹುತದ ಫೋಟೊ ತೋರಿಸಿದೆ. ‘ಪೆನ್ನು ಹಿಡಿಯೋರು ನೀವು, ಬೆಂಕಿ ಯಾಕೆ ಹಿಡಿದ್ರಿ?’ ಅಂತ ನಕ್ಕು, ಮುಂದಿನ ಭಾನುವಾರ ಮಗನ ಜೊತೆ ಗ್ಯಾಸ್ ಸೆಟ್ ತಗೊಂಡು ಬಂದರು. ಮೊದಲು ಬ್ಯಾಟರಿ ವೈರು ಬಿಚ್ಚಿಸಿದರು, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿಸಿದರು, ಎರಡು ಬಕೆಟ್ ನೀರು, ಒಂದು ಒದ್ದೆ ಗೋಣಿಚೀಲ ಪಕ್ಕದಲ್ಲಿ. ಇದ್ಯಾವುದನ್ನೂ ನಾನು ಮಾಡಿರಲಿಲ್ಲ.

ಅವರು ಕಲಿಸಿದ್ದು ಇಷ್ಟು. ಕೊಳೆತ ತಗಡಿನ ಅಂಚಿಗೆ ಬೆಸುಗೆ ಹಾಕಬೇಡ, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸು. ಜೀವ ಹಿಡಿದು ಸ್ವಲ್ಪ ಉಳಿಸಿಕೊಂಡರೆ ಅದೇ ಮತ್ತೆ ತಿನ್ನುತ್ತೆ. ತುಂಡಿನ ಅಳತೆಯನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡು, ಆಮೇಲೆ ತಗಡು. ಬೆಸುಗೆಯನ್ನು ಒಂದೇ ಎಳೆತಕ್ಕೆ ಎಳೆಯಬೇಡ, ತಗಡು ಕಾದು ಹಪ್ಪಳದ ಹಾಗೆ ಮುರುಟುತ್ತೆ. ಇಲ್ಲೊಂದು ಚುಕ್ಕೆ, ಎದುರುಗಡೆ ಒಂದು ಚುಕ್ಕೆ, ಒದ್ದೆ ಬಟ್ಟೆ ಒತ್ತಿ ಆರಿಸು, ಮತ್ತೆ ನಡುವೆ ಒಂದು. ನೆಗ್ಗಿದ ಕಡೆ ಹಿಂದೆ ಡಾಲಿ ಕಬ್ಬಿಣ ಆನಿಸಿ ಮುಂದೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟು. ನೆಗ್ಗಿನ ನಡುವಿಗೆ ಬಡಿಯಬೇಡ, ಅಂಚಿನಿಂದ ಒಳಕ್ಕೆ ಬಾ. ಭಾಯ್ ಕೈ ಹೌದು, ನಡುಗುತ್ತಿತ್ತು. ಸುತ್ತಿಗೆ ಹಿಡಿದಾಗ ನಡುಗುತ್ತಿರಲಿಲ್ಲ.

ಪುಟ್ಟಿ ಬಗ್ಗೆ ಅವರಿಗೆ ಬಹಳ ಸಿಟ್ಟು. ನೂರು ಗ್ರಾಂ ಪುಟ್ಟಿಗೆ ಎರಡು ಗ್ರಾಂನಷ್ಟು ಹಾರ್ಡನರ್ ಸಾಕು, ಬೇಸಿಗೆಯಲ್ಲಿ ಅದೂ ಬೇಗ ಬಿಗಿಯುತ್ತೆ, ಅಂಗೈ ಅಗಲಕ್ಕಿಂತ ಜಾಸ್ತಿ ಕಲೆಸಬೇಡ ಅಂತ ಹೇಳಿಕೊಟ್ಟರು. ಆದರೆ ತಗಡು ತಟ್ಟಿ ಸಮ ಮಾಡಿದ ಮೇಲೆ ಉಳಿಯುವ ಸಣ್ಣ ಏರುಪೇರಿಗೆ ಮಾತ್ರ ಪುಟ್ಟಿ. ತುಕ್ಕಿನ ಮೇಲೆ ಮೆತ್ತಿದರೆ ನೀರು ಹೀರಿಕೊಂಡು ಒಳಗೇ ತಿನ್ನಿಸುತ್ತೆ. ಹಳೇ ಬಣ್ಣವನ್ನು ಉಜ್ಜದೆ ಅದರ ನುಣುಪಿನ ಮೇಲೆ ಮೆತ್ತಿದರೆ ಹಿಡಿಯುವುದೇ ಇಲ್ಲ.

ಈ ಕೊನೆಯ ಮಾತಿನಿಂದಲೇ ನಮ್ಮ ಮನೆಯ ವಿಷಯ ಬಯಲಾಯಿತು.

ಹಿಂದಿನ ಡೋರನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿ ತುಕ್ಕು ಕಡಿಮೆ ಅನ್ನುವುದು ಒಂದು ಕಾರಣ. ಮೊದಲ ದಿನವೇ ಅಯಸ್ಕಾಂತ ಅಲ್ಲಿ ಎಡಗಡೆ ಜಾರಿತ್ತು, ಒಳಗೆ ಪುಟ್ಟಿ ಇದೆ ಅಂತ ಗೊತ್ತಿತ್ತು. ಕೀಲು ಬಿಚ್ಚಿ, ಎರಡು ಕಲ್ಲಿನ ಮೇಲೆ ಮಲಗಿಸಿ, 320ರ ವಾಟರ್ ಪೇಪರ್ ನೀರಲ್ಲಿ ಅದ್ದಿ ಉಜ್ಜತೊಡಗಿದೆ. ನೀಲಿ ಹೋಯಿತು. ಬಲಗಡೆ ನೀಲಿಯ ಕೆಳಗೆ ನೇರವಾಗಿ ಹಳದಿ ಬಂತು. ಮ್ಮ. ಕೆಂಪು ನೆರಳು ಕೂಡ ಹಾಗೇ ಇತ್ತು. ಎಡಗಡೆ ನೀಲಿಯ ಕೆಳಗೆ ಬೂದು ಬಣ್ಣದ ಪುಟ್ಟಿ. ಅಂಚಿಗೆ ಚಾಕು ತೂರಿಸಿ ಎತ್ತಿದರೆ ಒಣಗಿದ ರೊಟ್ಟಿ ಚೂರಿನ ಹಾಗೆ ಪೂರ್ತಿ ತುಂಡು ಎದ್ದು ಬಂತು. ಅದರ ಕೆಳಗೆ ಬೊಗಸೆಯಷ್ಟು ನೆಗ್ಗು. ನೆಗ್ಗಿನೊಳಗೆ ಸ್ವಲ್ಪ ಬಿರುಕು ಬಿಟ್ಟ ಣ್ಣ.

ಕೈಯಲ್ಲಿ ಪುಟ್ಟಿ ಚೂರು ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ಜರ್ನಲಿಸಂ ಡಿಪ್ಲೊಮಾದಲ್ಲಿ ಕಲಿಸಿದ್ದೆಲ್ಲ ನೆನಪಿಲ್ಲ, ಇಬ್ಬರು ಎರಡು ಮಾತು ಹೇಳಿದಾಗ ಮೂರನೆಯದನ್ನು ಹುಡುಕು ಅಂದದ್ದು ನೆನಪಿದೆ. ಮೊದಲು ಅಕ್ಷರ. ಅದರ ಮೇಲೆ ನೆಗ್ಗು. ನೆಗ್ಗಿನ ಮೇಲೆ ಪುಟ್ಟಿ. ಪುಟ್ಟಿಯ ಮೇಲೆ ನೀಲಿ. ಅಂದರೆ ನೀಲಿ ಹೊಡೆಸಿದ್ದು ಹೆಸರು ಅಳಿಸಲು ಅಲ್ಲ, ನೆಗ್ಗು ರಿಪೇರಿ ಮಾಡಿಸಲು. ಆ ನೆಗ್ಗು ಯಾವತ್ತಿನದು ಅಂತ ನನಗೆ ಗೊತ್ತು. 2000ದ ದಸರಾ ರಜೆಯಲ್ಲಿ ಮದನಪಲ್ಲಿಯಿಂದ ಬರುವಾಗ ಹಿಂದಿನಿಂದ ಲಾರಿ ಗುದ್ದಿ ಚಿಕ್ಕಪ್ಪನ ಎಡಗೈ ಮುರಿದಿತ್ತು. ಆಸ್ಪತ್ರೆಗೆ ಟಿಫನ್ ಕ್ಯಾರಿಯರ್ ತಗೊಂಡು ಹೋಗಿದ್ದು ನಾನೇ. ಆಗ ಇನ್ನೂ ಒಂದೇ ಒಲೆ, ಒಂದೇ ಗಾಡಿ. ಭಾಗದ ಮಾತೇ ಬಂದಿರಲಿಲ್ಲ.

ಭಾಯ್ ಚೂರನ್ನು ತಿರುಗಿಸಿ ನೋಡಿ, ‘ಮಾಡಿದೋನು ಸೋಮಾರಿ. ಪೇಪರ್ ಕೂಡ ಹಾಕಿಲ್ಲ, ಹಂಗೇ ಮೆತ್ತವ್ನೆ’ ಅಂದರು. ಅವನ ಸೋಮಾರಿತನದಿಂದಲೇ ಅಕ್ಷರ ಉಳಿದಿತ್ತು.

ಆರ್‌ಸಿ ತೆಗೆದು ನೋಡಿದೆ. ಬಣ್ಣ ಬಿಳಿ ಅಂತಲೇ ಇದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು, ಬರೆಸಿರಲಿಲ್ಲ. ಮತ್ತೆ ಬಿಳಿ ಹೊಡೆಸುವ ಯೋಚನೆಯಲ್ಲೇ ಹಾಗೇ ಬಿಟ್ಟಿದ್ದರಾ, ಮರೆತರಾ? ಅಪ್ಪನನ್ನು ಕರೆದು ಡೋರು ತೋರಿಸಿ, ನೆಗ್ಗಿನ ಲೆಕ್ಕ ಹೇಳಿದೆ. ಬಗ್ಗಿ ಬೆರಳಿಂದ ಮ್ಮ ಮುಟ್ಟಿದರು.

‘ಹೌದು, ಇಬ್ರೂ ಸೇರೇ ಬಿಟ್ಟಿದ್ವಿ ಟಿಂಕರಿಂಗ್‌ಗೆ. ನೀಲಿ ಅವನತ್ರ ಮಿಕ್ಕಿತ್ತು, ಕಮ್ಮಿಗೆ ಹೊಡೀತೀನಿ ಅಂದ. ಹೆಸರು ಆಮೇಲೆ ಬರೆಸೋಣ ಅಂತಿತ್ತು.’

‘ಮತ್ತೆ ಚಿಕ್ಕಪ್ಪ ಅಳಿಸಿದ್ರು ಅಂತ ಇಷ್ಟು ವರ್ಷ ಅಂದ್ರಲ್ಲಪ್ಪ?’

‘ಬರೆಸೋ ಕೆಲಸ ಅವ್ನಿಗೆ ಹೇಳಿದ್ದೆ. ಬರೆಸ್ಲಿಲ್ಲ. ಎರಡೂ ಒಂದೇ ಅಲ್ವಾ?’

ಒಂದೇ ಅಲ್ಲ ಅಂತ ನನಗನಿಸಿತು, ಹೇಳಲಿಲ್ಲ. ಸಂಜೆ ಚಿಕ್ಕಪ್ಪನ ಮನೆಗೆ ಹೋದೆ. ನಮ್ಮ ಮನೆಯಿಂದ ಅಲ್ಲಿಗೆ ನಾನು ಹೋಗಿಬರುತ್ತೇನೆ, ಹೆಂಗಸರೂ ಮಾತಾಡುತ್ತಾರೆ, ಅವರಿಬ್ಬರದ್ದೇ ಇರುವುದು. ಫೋನಿನಲ್ಲಿ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಎಡಗೈ ಈಗಲೂ ಪೂರ್ತಿ ನೇರ ಆಗುವುದಿಲ್ಲ. ‘ಬರೆದೋನಿಗೆ ನೂರೈವತ್ತು ರೂಪಾಯಿ ಕೊಟ್ಟೋನು ನಾನು’ ಅಂದರು. ಸ್ವಲ್ಪ ತಡೆದು, ‘ಕೈ ಕಟ್ಟಿಕೊಂಡಿದ್ದೆ ಕಣೋ ಆಗ. ಮೂರು ತಿಂಗಳು. ಹೆಂಗ್ ಓಡಾಡ್ಲಿ? ಅಣ್ಣ ಅದನ್ನ ಯೋಚನೆ ಮಾಡ್ಬೇಕಿತ್ತು’ ಅಂದರು. ಜಗಳ ಹೋಗಲಿಲ್ಲ ಅಂತ ಬೇಜಾರಾಯಿತು. ಆದರೆ ಅಳಿಸಿದ ಜಗಳ ಹೋಗಿ ಬರೆಸದ ಜಗಳ ಆಗಿದೆ, ಅದು ಸ್ವಲ್ಪ ಚಿಕ್ಕದು.

ಎರಡು ವಾರ ಆದ ಮೇಲೆ ಚಿಕ್ಕಪ್ಪ ಹಾಲಿನ ಡೈರಿಗೆ ಹೋಗುವಾಗ ಕ್ಯಾನ್ ಹಿಡಿದುಕೊಂಡೇ ಮರದ ಕೆಳಗೆ ಬಂದು ನಿಂತರು. ಅಪ್ಪ ಜಗಲಿಯಲ್ಲಿದ್ದರು. ಇಬ್ಬರೂ ಮಾತಾಡಲಿಲ್ಲ. ಚಿಕ್ಕಪ್ಪ ಬಲಬಾಗಿಲು ತೆಗೆದು ಹಾಕಿ, ‘ಕೀಲು ಇಳಿದೈತೆ, ಎತ್ತಿ ಕೂರಿಸ್ದೆ ಬಣ್ಣ ಹೊಡೆದ್ರೆ ಅಂಚು ಉಜ್ಜುತ್ತೆ’ ಅಂತ ನನಗೆ ಹೇಳಿದರು. ಅಪ್ಪ ಜಗಲಿಯಿಂದ, ನನಗೇ, ‘ಕೆಳಗಿನ ಕೀಲಿಗೆ ಒಂದು ವಾಷರ್ ಹಾಕು ಅಂತ ನಾನು ಅವತ್ತೇ ಹೇಳಿದ್ದೆ’ ಅಂದರು. ನಾನು ಎರಡು ಕಡೆಗೂ ತಲೆ ಆಡಿಸಿ ವಾಷರ್ ಹಾಕಿದೆ. ಬಾಗಿಲು ಈಗ ಸರಿಯಾಗಿ ಕೂರುತ್ತೆ.

ಗಾಡಿ ಸದ್ಯ ಪೂರ್ತಿ ಪ್ರೈಮರಿನಲ್ಲಿದೆ. ಕೊನೆಯ ಬಣ್ಣ ಮನೆಯಲ್ಲಿ ಹೊಡೆಯುವುದಿಲ್ಲ. ಪಿಯು ಪೇಂಟಿಗೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತೆ, ಅದರ ಮಂಜು ಶ್ವಾಸಕೋಶಕ್ಕೆ ಸೇರಿದರೆ ಆಸ್ತಮಾ ಹಿಡಿಯಬಹುದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಅದು ತಡೆಯಲ್ಲ. ಭಾಯ್ ಮಗನ ಶೆಡ್ಡಿನಲ್ಲಿ ಮಾಸ್ಕ್ ಇದೆ, ಫ್ಯಾನ್ ಇದೆ, ಅಲ್ಲೇ ಬಿಳಿ ಹೊಡೆಸುತ್ತೇನೆ. ಇಲ್ಲಿಯವರೆಗೆ ನಲವತ್ತೊಂದು ಸಾವಿರ ಹೋಗಿದೆ. ಗುಜರಿಯವನ ನಂಬರ್ ಈಗ ಅಪ್ಪ ಕೇಳುತ್ತಿಲ್ಲ.

ಹಿಂದಿನ ಡೋರನ್ನು ಮಾತ್ರ ಬೇರೆ ಇಟ್ಟಿದ್ದೇನೆ. ಭಾಯ್ ನೆಗ್ಗು ತಟ್ಟಿ ಮೇಲೆತ್ತಿ ಕೊಟ್ಟರು. ತಟ್ಟುವಾಗ ಣ್ಣ ಅರ್ಧ ಉದುರಿತು. ಮ್ಮ ಪೂರ್ತಿ ಇದೆ. ಅದನ್ನೂ ಉಜ್ಜಿ ಪ್ರೈಮರ್ ಹೊಡೆಯಬೇಕು, ಇಲ್ಲದಿದ್ದರೆ ಮೇಲಿನ ಬಿಳಿ ನಿಲ್ಲಲ್ಲ. ಮತ್ತೆ ಬರೆಸಬೇಕೆಂದರೆ ಕೈಯಲ್ಲಿ ಬರೆಯುವವರು ಸಿಗುತ್ತಿಲ್ಲ, ಕೋಲಾರದಲ್ಲಿ ವಿಚಾರಿಸಿದ ಎಲ್ಲರೂ ಸ್ಟಿಕರ್ ಅಂಟಿಸಿ ಕೊಡುತ್ತೇವೆ ಅಂದರು. ಬಂಗಾರಪೇಟೆ ಕಡೆ ಒಬ್ಬರು ವಯಸ್ಸಾದವರು ಇನ್ನೂ ಬ್ರಷ್ ಹಿಡಿಯುತ್ತಾರಂತೆ. ಬರುವ ಭಾನುವಾರ ಹೋಗಿ ನೋಡಬೇಕು. ದುಡ್ಡು ಯಾರು ಕೊಡಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.